‘ಬ್ರಿಂಗ್ ಫಾರ್ವರ್ಡ್’ ಎಂದರೆ ಮುಂದೂಡುವುದಲ್ಲ

ಪ್ರಶ್ನೆ: ನಾನು ಸಿದ್ಧ ಉಡುಪು ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. 18ಕ್ಕೆ ಇದ್ದ ತಪಾಸಣೆಯನ್ನು ಎರಡು ದಿನ ‘ಬ್ರಾಟ್ ಫಾರ್ವರ್ಡ್’ ಮಾಡಲಾಗಿದೆ ಎಂದು ಇಂಗ್ಲೆಂಡಿನ ಖರೀದಿದಾರರಿಂದ ಇಮೇಲ್ ಬಂತು. ಮುಂದಕ್ಕೆ ಹೋಯಿತೆಂದುಕೊಂಡು 20ಕ್ಕೆ ತಯಾರಿ ಇಟ್ಟುಕೊಂಡೆ. ಅವರು 16ರ ಬೆಳಿಗ್ಗೆಯೇ ಬಂದು ನಿಂತರು! ನಾನು ಓದಿದ್ದು ತಪ್ಪೇ?
– ಓದುಗರು, ದೊಡ್ಡಬಳ್ಳಾಪುರ

ಉತ್ತರ: ನೀವು ಓದಿದ್ದು ಅಪ್ಪಟ ಕನ್ನಡದ ಕಣ್ಣಿನಿಂದ. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಈ ಮಾತಿಗೆ ಎಡವದ ಮಕ್ಕಳನ್ನು ಕಂಡದ್ದು ಕಡಿಮೆ. ದಡ್ಡತನ ಎಂದು ದಯವಿಟ್ಟು ಕೊರಗಬೇಡಿ.

ನಮ್ಮಲ್ಲಿ ಮದುವೆ ‘ಮುಂದಕ್ಕೆ ಹೋಯಿತು’ ಎಂದರೆ ತಡವಾಯಿತು ಎಂದೇ. ಮುಂದೂಡು ಎಂಬಲ್ಲಿ ‘ದೂಡು’ ಇದೆ, ದಿನವನ್ನು ನಮ್ಮಿಂದ ಆಚೆಗೆ ತಳ್ಳುತ್ತೇವೆ. ಇಂಗ್ಲಿಷಿನಲ್ಲಿ ಇರುವುದು ‘ಬ್ರಿಂಗ್’, ಅಂದರೆ ತರು. ತರಗತಿಯಲ್ಲಿ ನಾನು ಡಸ್ಟರನ್ನು ಕೊನೆಯ ಬೆಂಚಿನ ಮೇಲಿಟ್ಟು ‘ತಾ’ ಎನ್ನುತ್ತಿದ್ದೆ. ಅದು ಬೆಂಚು ಬೆಂಚು ದಾಟಿ ನನ್ನ ಕೈಗೆ ಬರುತ್ತಿತ್ತು. ನಿಮ್ಮ ತಪಾಸಣೆಯೂ ಹಾಗೆಯೇ 18ರಿಂದ 17, 17ರಿಂದ 16 ಎಂದು ನಿಮ್ಮತ್ತ ಬಂದಿದೆ. ಫಾರ್ವರ್ಡ್ ಅನ್ನು ಬಿಡಿ, ‘ತರು’ ಎಂಬುದನ್ನು ಹಿಡಿಯಿರಿ.

ಕನ್ನಡಕ್ಕೂ ಈ ನೋಟ ಹೊಸದಲ್ಲ. ‘ಮುಂದಿನ ದಿನ’ ನಾಳೆಯ ಕಡೆಗಿದ್ದರೆ ‘ಮುನ್ನಾದಿನ’ ಹಿಂದಿನ ದಿನ. ಮುಂಚೆ, ಮುಂಗಡ ಎಲ್ಲದರಲ್ಲೂ ‘ಮುನ್’ ಎಂದರೆ ಮೊದಲು. ನನಗೆ ಬಹಳ ಪ್ರಿಯವಾದ ಸಂಗತಿ ಇದು.

ಬಳಕೆಯಲ್ಲಿ ಒಂದು ಸೂಕ್ಷ್ಮವಿದೆ. ಎಷ್ಟು ದಿನ ಎಂಬುದಕ್ಕೆ ‘ಬೈ’, ಯಾವ ದಿನಕ್ಕೆ ಎಂಬುದಕ್ಕೆ ‘ಟು’. ‘ಬ್ರಾಟ್ ಫಾರ್ವರ್ಡ್ ಬೈ ಟೂ ಡೇಸ್’ ಎಂದರೆ ಎರಡು ದಿನ ಮೊದಲು. ‘ಟು ದ ಸಿಕ್ಸ್‌ಟೀನ್ತ್’ ಎಂದರೆ 16ಕ್ಕೆ. ‘ಇಟ್’ ಬಂದಾಗ ಅದನ್ನು ನಡುವೆಯೇ ಕೂರಿಸಬೇಕು: ‘ಬ್ರಿಂಗ್ ಇಟ್ ಫಾರ್ವರ್ಡ್’. ಮುಂದೂಡುವುದಕ್ಕೆ ‘ಪುಟ್ ಆಫ್’ ಅಥವಾ ‘ಪುಟ್ ಬ್ಯಾಕ್’. ಅಮೆರಿಕದವರು ಬೇಗ ಮಾಡುವುದಕ್ಕೆ ‘ಮೂವ್ ಅಪ್’, ತಡ ಮಾಡುವುದಕ್ಕೆ ‘ಪುಶ್ ಬ್ಯಾಕ್’ ಎಂದು ಬರೆಯುತ್ತಾರೆ. ಬೇಗ ಮಾಡುವುದಕ್ಕೆ ನಮ್ಮ ಕಚೇರಿಗಳಲ್ಲಿ ಬಳಸುವ ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಸೇರಿದೆ. ಒಳ್ಳೆಯ ಪದ, ಆದರೆ ಇಂಗ್ಲೆಂಡಿನ ಎಲ್ಲರಿಗೂ ಅದು ತಿಳಿದಿರುವುದಿಲ್ಲ.

ಇನ್ನು ಮೇಲೆ ಇಂಥ ಪತ್ರ ಬಂದರೆ, ‘ಹಾಗಾದರೆ 16, ಮಂಗಳವಾರ ಅಲ್ಲವೇ?’ ಎಂದು ತಾರೀಕು, ವಾರ ಎರಡನ್ನೂ ಬರೆದು ಕೂಡಲೇ ಕೇಳಿಬಿಡಿ.