ಎಲ್ಲ ಪಕ್ಷದವರ ಮನೆಗೂ ಬರುವ ಅಭ್ಯರ್ಥಿ

ಪ್ರಶ್ನೆ: ಗ್ರಾಮ ಪಂಚಾಯಿತಿಗೆ ನಿಂತವರೊಬ್ಬರು ಕಾಂಗ್ರೆಸ್, ಬಿಜೆಪಿ, ಕಮ್ಯುನಿಸ್ಟ್ ಅಂತ ನೋಡದೆ ಎಲ್ಲರ ಮನೆಗೂ ಓಟು ಕೇಳಲು ಬರುತ್ತಿದ್ದಾರೆ. ನಂಬಬಹುದಾ?
– ಓದುಗರು, ಗಂಗಾವತಿ ತಾಲ್ಲೂಕು

ಉತ್ತರ: ಸುಮ್ನೆ ಅನುಮಾನ ಬೇಡ. ಗ್ರಾಮ ಪಂಚಾಯಿತಿ ಚುನಾವಣೆ ನಡೆಯುವುದೇ ಪಕ್ಷದ ಚಿಹ್ನೆ ಇಲ್ಲದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋಗಿ ನೀರೆಲ್ಲ ನದಿಗೆ ಹರಿಯುತ್ತಿದ್ದಾಗ, ಗದ್ದೆಯಲ್ಲಿ ಭತ್ತ ನಾಟಿ ಮಾಡಿದವರ ಎದೆ ಡವಡವ ಅಂದಿದ್ದು ಪಕ್ಷ ನೋಡಿ ಅಲ್ಲ, ಅಲ್ವಾ? ಆದರೆ ಆ ಅಭ್ಯರ್ಥಿ ನಿಮ್ಮ ಮನೆ ಕಟ್ಟೆ ಮೇಲೆ ಕೂತಾಗ ನೇರವಾಗಿ ಕೇಳಿ: ಕುಡಿಯುವ ನೀರಿನ ಟ್ಯಾಂಕ್ ಯಾವಾಗ ತೊಳೆಸುತ್ತೀರಿ, ಚರಂಡಿ ಯಾವ ಓಣಿಗೆ ಮೊದಲು? ಆಮೇಲೆ ಪಕ್ಕದ ಮನೆಯವರಿಗೂ ಅದೇ ಉತ್ತರ ಕೊಟ್ಟರಾ ವಿಚಾರಿಸಿ. ಮನೆಗೊಂದು ಮಾತಾಡಿದ್ದರೆ ನಾನಂತೂ ಓಟು ಹಾಕಲ್ಲ.