ಮೂರನೇ ಇಯತ್ತೆ ಎರಡು ಸಲ ಓದಿಸಿದರೆ

ಮುದ್ದೇಬಿಹಾಳ ತಾಲ್ಲೂಕಿನ ನಿವೃತ್ತ ಮುಖ್ಯಗುರುಗಳೊಬ್ಬರ ಪತ್ರ: "ಐದನೇ ಇಯತ್ತೆ ಹುಡುಗನಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ನಪಾಸಿನ ಅಂಜಿಕೆ ಹೋದಂದಿನಿಂದ ಸಾಲಿ ಕೆಟ್ಟವು. ಅಮೆರಿಕದ ಮಿಸಿಸಿಪ್ಪಿ ರಾಜ್ಯದಂತೆ ಓದು ಬಾರದ ಮಕ್ಕಳನ್ನು ಮೂರನೆಯದರಲ್ಲೇ ಕಡ್ಡಾಯವಾಗಿ ಕೂಡಿಸಬೇಕು. ತಾವೇನನ್ನುತ್ತೀರಿ?"

ಸಂಪಾದಕರ ಉತ್ತರ:

ಗುರುಗಳೇ, ನಿಮ್ಮ ಸಿಟ್ಟು ನ್ಯಾಯದ್ದು. ಓದು ಬಾರದ ಮಗುವನ್ನು ಕಣ್ಣುಮುಚ್ಚಿ ಮೇಲಕ್ಕೆ ದೂಡುವುದೂ ಮೋಸವೇ. ಇಷ್ಟು ಒಪ್ಪಿಕೊಂಡು ಜಗಳಕ್ಕೆ ಬರುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯವರೆಗೆ ಯಾರನ್ನೂ ತಡೆಯಬಾರದು ಎಂದಿತ್ತು. 2019ರ ತಿದ್ದುಪಡಿ ಬಾಗಿಲು ತೆರೆದದ್ದು ಐದು ಮತ್ತು ಎಂಟನೇ ತರಗತಿಗೆ ಮಾತ್ರ, ಅದೂ ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಟ್ಟ ಮೇಲೆ. ನೀವು ಇನ್ನೂ ಎಳೆಯ ಕೂಸುಗಳ ಬೆನ್ನು ಹತ್ತಿದ್ದೀರಿ.

ಲಂಬಾಣಿ ತಾಂಡಾಗಳ ಹಾಜರಿ ಪುಸ್ತಕ ಬರೆದ ಕೈ ನಿಮ್ಮದು. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಮುಧೋಳ, ಜಮಖಂಡಿ, ಅಥಣಿ, ಸಾಂಗಲಿ, ಕೊಲ್ಹಾಪುರದ ಕಡೆ ಟ್ರ್ಯಾಕ್ಟರ್ ಹತ್ತುತ್ತವೆ. ಮುಂಗಡ ತಿಂದ ಮನೆ, ಮಕ್ಕಳನ್ನು ಬಿಟ್ಟು ಹೋಗುವುದು ಯಾರ ಹತ್ತಿರ? ಅವರು ತಿರುಗಿ ಬರುವ ಹೊತ್ತಿಗೆ ಪರೀಕ್ಷೆ ಎದುರಿಗೇ ಇರುತ್ತದೆ. ಅಂಥ ಹುಡುಗನನ್ನು ಮೂರರಲ್ಲೇ ಕೂಡಿಸಿದಿರಿ ಅನ್ನಿ. ಜೂನ್‌ನಿಂದ ಅಕ್ಟೋಬರ್‌ವರೆಗೆ, ಒಮ್ಮೆ ಕೇಳಿದ ಪಾಠಗಳನ್ನೇ ಮತ್ತೊಮ್ಮೆ ಕೇಳುತ್ತಾನೆ. ನವೆಂಬರಿನಲ್ಲಿ ಮತ್ತೆ ಟ್ರ್ಯಾಕ್ಟರ್. ಹೋದ ವರ್ಷ ತಪ್ಪಿದ ಪುಟಗಳೇ ಈ ವರ್ಷವೂ ತಪ್ಪುತ್ತವೆ. ಒಂದು ವರ್ಷ ಕಳೆದು ಅವನಿಗೆ ಸಿಕ್ಕದ್ದು ತಮ್ಮನ ವಾರಿಗೆಯವರ ಪಕ್ಕದ ಜಾಗ ಅಷ್ಟೇ.

ಮಿಸಿಸಿಪ್ಪಿಯ ಉದಾಹರಣೆ ಪೂರ್ತಿ ಹೇಳಬೇಕು. ಅಲ್ಲಿನ 2013ರ ಕಾನೂನಿನಲ್ಲಿ ತಡೆಹಿಡಿಯುವುದು ಒಂದು ಕಲಮು. ಅದರ ಜೊತೆಗೆ ಓದು ಕಲಿಸುವ ತರಬೇತಿ, ಹಿಂದುಳಿದ ಶಾಲೆಗಳಿಗೆ ಮಾರ್ಗದರ್ಶಿಗಳು, ಕೆಳಗಿನ ತರಗತಿಯಿಂದಲೇ ಓದಿನ ತಪಾಸಣೆ, ಮರುಪರೀಕ್ಷೆ, ವಿನಾಯಿತಿ ಎಲ್ಲ ಇದ್ದವು. 2019ರಲ್ಲಿ ನಾಲ್ಕನೇ ತರಗತಿಯ ಓದಿನಲ್ಲಿ ಆ ರಾಜ್ಯ ದೇಶದ ಸರಾಸರಿ ಮುಟ್ಟಿತು, ನಿಜ. ಯಾವ ಕಲಮಿನಿಂದ ಮುಟ್ಟಿತು ಎಂಬುದೇ ತಕರಾರು. ಶಿಕಾಗೊ ನಗರ 1996ರಿಂದ ಮಕ್ಕಳನ್ನು ಅದೇ ತರಗತಿಯಲ್ಲಿ ಕೂಡಿಸಿ ನೋಡಿತು. ಮೂರನೆಯವರಿಗೆ ಲಾಭ ಕಾಣಲಿಲ್ಲ, ಆರನೆಯವರು ಇನ್ನಷ್ಟು ಹಿಂದೆ ಬಿದ್ದರು. ಮಿಷಿಗನ್ ರಾಜ್ಯ ಇಂಥದೇ ಕಡ್ಡಾಯವನ್ನು 2023ರಲ್ಲಿ ತೆಗೆದೇ ಹಾಕಿತು.

ಈಗ ಮಗುವಿನ ತೊಡಕು ಎಲ್ಲಿದೆ ನೋಡಿ. 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೆ 442 ರೂಪ, ಅದರ ಮೇಲೆ ಒತ್ತಕ್ಷರ. 'ಭಕ್ತಿ'ಯಲ್ಲಿ ಗುಡಿಸು ಕೂತದ್ದು 'ಕ'ದ ತಲೆಯ ಮೇಲೆ, ಅದರ ಉಚ್ಚಾರ ಬರುವುದು 'ತ' ಆದ ಮೇಲೆ. ಕೂಸು 'ಭಕಿತ' ಎಂದು ಓದಿದರೆ ಅದು ದಡ್ಡತನವಲ್ಲ, ಕಂಡದ್ದನ್ನು ಕಂಡ ಹಾಗೆ ಓದಿದೆ. ಇದಕ್ಕೆ ಬೇಕಾದದ್ದು ಕೆಲವು ವಾರಗಳ ಒತ್ತಕ್ಷರದ ರೂಢಿ: ಮೊದಲು ಅಕ್ಕ, ಹಳ್ಳಿಯಂಥ ಸಜಾತೀಯ, ಆಮೇಲೆ ಪುಸ್ತಕ, ಭಕ್ತಿಯಂಥ ವಿಜಾತೀಯ, ಕೊನೆಗೆ ಅರ್ಕಾವತ್ತು. ಅದಕ್ಕಾಗಿ ಗಣಿತ, ಪರಿಸರ ಅಧ್ಯಯನ ಎಲ್ಲವನ್ನೂ ಇಡೀ ವರ್ಷ ಮತ್ತೆ ಓದಿಸುವುದೇಕೆ?

ತಪಾಸಣೆಯೂ ಕಷ್ಟದ್ದಲ್ಲ. ಒಂದೊಂದು ಮಗುವನ್ನೂ ಬೇರೆ ಕರೆದು ಐದು ನಿಮಿಷ: ಅಕ್ಷರ, ಪದ, ವಾಕ್ಯ, ಸಣ್ಣ ಕಥೆ. ಪಾಠದ ಪುಸ್ತಕ ಮಾತ್ರ ಬೇಡ, ಅದು ಬಾಯಿಪಾಠ ಆಗಿರುತ್ತದೆ. ಎಲ್ಲರನ್ನೂ ಕೂಡಿಸಿ ಓದಿಸಿದರಂತೂ ಬಾರದವನು ಮುಂದಿನವನ ದನಿಯ ಹಿಂದೆ ಅಡಗುತ್ತಾನೆ. ಆಮೇಲೆ ಇಯತ್ತೆ ಮರೆತು, ಮಟ್ಟ ನೋಡಿ ಗುಂಪು ಮಾಡಿ ದಿನಕ್ಕೊಂದು ತಾಸು ಕಲಿಸಿ. ಮನೆಯಲ್ಲಿ ಲಂಬಾಣಿ, ಗಡಿಯ ಹಳ್ಳಿಯಾದರೆ ಮರಾಠಿ ಆಡುವ ಮಗುವಿಗೆ ಪದದ ಅರ್ಥವನ್ನೂ ಕೂಡಿಸಿ ಹೇಳಬೇಕು, ಇಲ್ಲದಿದ್ದರೆ ಓದಿದ್ದು ಬರೀ ಸದ್ದು. ನಮ್ಮ ಸರ್ಕಾರದ 'ಓದು ಕರ್ನಾಟಕ' ಕಾರ್ಯಕ್ರಮ ನಾಲ್ಕು-ಐದನೆಯವರಿಗೆ ಮಾಡಹೊರಟದ್ದು ಹೆಚ್ಚುಕಡಿಮೆ ಇದೇ.

ಆದರೆ ಆ ಒಂದು ತಾಸು ಎಲ್ಲಿದೆ? ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ, ಮತದಾರರ ಪಟ್ಟಿ, ಸಾಲದ್ದಕ್ಕೆ ಗಣತಿ. 2025ರಲ್ಲಿ ಜಾತಿ ಸಮೀಕ್ಷೆಗೆ ಗುರುಗಳು ಬೇಕಾಗಿ ದಸರೆ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಕಬ್ಬಿನ ಮಗುವಿಗೆ ವರ್ಷದಲ್ಲಿ ಸಿಗುವ ಐದು ತಿಂಗಳಿಗೇ ಕತ್ತರಿ ಬಿತ್ತು. ಸರ್ಕಾರ ತಿಂದ ದಿನಗಳಿಗೆ ಎಂಟು ವರ್ಷದವನನ್ನು ನಪಾಸು ಮಾಡೋಣ ಅನ್ನುತ್ತೀರಿ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವರು ನೀವು. ಗುರುಗಳಿಗೆ ಕಲಿಸುವುದನ್ನು ಬಿಟ್ಟು ಬೇರೆ ಕೆಲಸ ಹಚ್ಚಬಾರದೆಂದು, ಗ್ಯಾಂಗಿನ ಬೆನ್ನಿಗೆ ಟೆಂಟ್ ಶಾಲೆ ಕಳಿಸಿರೆಂದು ಜಿಲ್ಲಾ ಪಂಚಾಯಿತಿಗೆ ಒಂದು ಪತ್ರ ಬರೆಯಿರಿ. ಅದರ ಪ್ರತಿ ನಮಗೂ ಕಳಿಸಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ.