ಟೋಪಿಯ ಅಂಚು, ಜನರಲ್‌ನ ಕಣ್ಣು
(ಫೋಟೊ ಕುರಿತ ಓದುಗರ ಪ್ರಶ್ನೆಗಳಿಗೆ ಹಾಸನದಲ್ಲಿ ಸ್ಟುಡಿಯೊ ನಡೆಸಿದ ಹಿರಿಯರೊಬ್ಬರ ಉತ್ತರ)

ಪ್ರಶ್ನೆ: ಮಗನ ಶಾಲೆಯ ಪ್ರಾಜೆಕ್ಟಿಗಾಗಿ ಎರಡು ಮಹಾಯುದ್ಧಗಳ ಚಿತ್ರಗಳನ್ನು ಕತ್ತರಿಸಿ ಅಂಟಿಸುತ್ತಿದ್ದೆ. ಯಾವ ದೇಶದವರೇ ಆಗಲಿ, ಜನರಲ್‌ಗಳೆಲ್ಲ ಗದರುವ ಹಾಗೆಯೇ ನೋಡುತ್ತಾರೆ. ಅವರು ನಿಜಕ್ಕೂ ಹಾಗಿದ್ದರೇ, ಅಥವಾ ಇದು ಕ್ಯಾಮೆರಾದ ಕೆಲಸವೇ?
– ಓದುಗರು, ಕಡೂರು

ಉತ್ತರ: ಅರ್ಧ ಭಯ ಟೋಪಿಯದು, ತಾಯಿ. ಅಧಿಕಾರಿಗಳ ಟೋಪಿಗೆ ಮುಂದೆ ಚಾಚಿದ ಗಟ್ಟಿ ಅಂಚಿರುತ್ತದೆ. ಬಿಸಿಲು ನೆತ್ತಿಯ ಮೇಲಿದ್ದರೆ ಅದರ ನೆರಳು ಕಣ್ಣಿಗೇ ಬೀಳುತ್ತದೆ. ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆಯಾದರೂ ಹೊಳೆಯದಿದ್ದರೆ ಎಂಥ ಸಾಧುವಿನ ಮುಖವೂ ಬಿರುಸಾಗಿ ಕಾಣುತ್ತದೆ.

ಅರಕಲಗೂಡು, ಸಕಲೇಶಪುರದ ಕಡೆಯ ಮಾಜಿ ಸೈನಿಕರು ಪದಕಗಳ ಸಮೇತ ಫೋಟೊ ತೆಗೆಸಲು ನಮ್ಮಲ್ಲಿಗೆ ಬರುತ್ತಿದ್ದರು. ಅವರಲ್ಲಿ ಒಬ್ಬ ಸುಬೇದಾರರು ಇಸ್ತ್ರಿ ಮಾಡಿಸಿದ ಸಮವಸ್ತ್ರವನ್ನು ಚೀಲದಲ್ಲಿ ತಂದಿದ್ದರು. ಬಂದವರೇ ನನ್ನ ಮಗಳಿಗೆ ಪೆಪ್ಪರಮೆಂಟು ಕೊಟ್ಟು ಮಾತನಾಡಿಸಿದ ಮೃದು ಮನುಷ್ಯ. ಟೋಪಿ ಹಾಕಿಕೊಂಡು ಲೈಟಿನ ಕೆಳಗೆ ಕುಳಿತದ್ದೇ ತಡ, ಕ್ಯಾಮೆರಾದ ಗಾಜಿನಲ್ಲಿ ಕಂಡವರೇ ಬೇರೆ! ಗಲ್ಲ ಸ್ವಲ್ಪ ಎತ್ತಿ ಎಂದೆ. ಕಣ್ಣೇನೋ ಕಂಡಿತು, ಜೊತೆಗೆ ಎದುರಿನವರನ್ನು ಮೂಗಿನ ತುದಿಯಿಂದ ಅಳೆಯುವ ದರ್ಪವೂ ಬಂತು. ಕೊನೆಗೆ ಅವರ ತೊಡೆಯ ಮೇಲೆ ಒಂದು ಬಿಳಿ ಪಂಚೆ ಹಾಸಿದೆ. ಅದರಿಂದ ಮೇಲಕ್ಕೆ ಪುಟಿದ ಬೆಳಕು ಅಂಚಿನಡಿ ನುಗ್ಗಿತು. ಪಕ್ಕದಲ್ಲಿ ನಿಂತಿದ್ದ ಅವರ ಮನೆಯವರು "ಹ್ಞೂ, ಈಗ ನಮ್ಮವರು" ಎಂದರು. ರಣರಂಗದಲ್ಲಿ ಜನರಲ್‌ಗಳಿಗೆ ಪಂಚೆ ಹಾಸುವವರು ಯಾರು?

ಎರಡನೆಯದು ಕ್ಯಾಮೆರಾ ಹಿಡಿಯುವ ಎತ್ತರ. ರೋಲಿಫ್ಲೆಕ್ಸ್, ಯಾಷಿಕಾದಂಥ ಎರಡು ಲೆನ್ಸಿನ ಕ್ಯಾಮೆರಾಗಳನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನಿಂದ ಬಗ್ಗಿ ನೋಡಿ ಕ್ಲಿಕ್ ಮಾಡಬೇಕು. ಲೆನ್ಸು ಮನುಷ್ಯನನ್ನು ಕೆಳಗಿನಿಂದ ನೋಡುತ್ತದೆ: ಎದೆ ಅಗಲ, ದವಡೆ ದಪ್ಪ, ಪದಕಗಳು ಮುಂದೆ. ಮೊದಲ ಮಹಾಯುದ್ಧದ ಕಾಲದ ಫಿಲ್ಮಿನದು ಇನ್ನೊಂದು ಕಾಟ. ಅದು ಕೆಂಪನ್ನು ಗ್ರಹಿಸುತ್ತಲೇ ಇರಲಿಲ್ಲ. ಬಿಸಿಲಿಗೆ ಕೆಂಪೇರಿದ ಚರ್ಮ, ತುಟಿ ಎಲ್ಲ ಕಪ್ಪಾಗಿ, ನೀಲಿ ಕಣ್ಣು ಮಾತ್ರ ಬಿಳಿಚಿಕೊಂಡು ಬರುತ್ತಿತ್ತು. ನಿಮ್ಮ ಮಗನ ಪುಸ್ತಕದಲ್ಲಿ ಯಾರಾದರೂ ಗಾಜಿನ ಕಣ್ಣಿನವರಂತೆ ಕಂಡರೆ ಫಿಲ್ಮನ್ನು ಬೈಯಿರಿ. ಮದುವೆ ಹೆಣ್ಣಿನ ಫೋಟೊ ಆಗಿದ್ದರೆ ನಾವು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಗೆರೆಗಳನ್ನು ಮುಚ್ಚುತ್ತಿದ್ದೆವು. ಜನರಲ್ ಸಾಹೇಬರ ಹಣೆಯ ಗೆರೆ ಮುಚ್ಚಿದರೆ ಅವರೇ ಸಿಟ್ಟಾದಾರು!

ಹಾಗೆಂದು ಎಲ್ಲವನ್ನೂ ಬೆಳಕಿನ ತಲೆಗೆ ಕಟ್ಟುವುದೂ ಸರಿಯಲ್ಲ. ಅಮೆರಿಕದ ಜನರಲ್ ಪ್ಯಾಟನ್ ಕನ್ನಡಿಯ ಮುಂದೆ ನಿಂತು ಉಗ್ರ ಮುಖವನ್ನು ಅಭ್ಯಾಸ ಮಾಡುತ್ತಿದ್ದರು. ಅವರ ದನಿ ಮಾತ್ರ ಕೀರಲು. ಫೋಟೊಗೆ ದನಿ ಇಲ್ಲದ್ದು ಅವರ ಪುಣ್ಯ. 1944ರ ಅಕ್ಟೋಬರ್ 20ರಂದು ಫಿಲಿಪ್ಪೀನ್ಸಿನ ಲೇಟೆ ದ್ವೀಪದಲ್ಲಿ ನೀರಿನಲ್ಲಿ ನಡೆದುಬರುವ, ಅಮೆರಿಕದವರೇ ಆದ ಜನರಲ್ ಮೆಕಾರ್ಥರ್ ಚಿತ್ರವನ್ನು ನೀವೂ ಅಂಟಿಸಿರಬಹುದು. ಶತ್ರುವನ್ನು ನೆನೆದು ಮುಖ ಗಂಟಿಕ್ಕಿದ್ದಾರೆ ಎಂದುಕೊಳ್ಳುತ್ತೇವೆ. ದೋಣಿ ದಡ ಮುಟ್ಟದೆ, ಪ್ಯಾಂಟು ನೆನೆಸಿಕೊಂಡು ನಡೆಯಬೇಕಾಗಿ ಬಂದದ್ದರ ಸಿಟ್ಟು ಅದು ಎನ್ನುವವರೂ ಇದ್ದಾರೆ. ನನಗಂತೂ ಎರಡನೆಯದೇ ನಂಬಲು ಸುಲಭ.

ಇನ್ನು ನೂರು ಚಿತ್ರಗಳಲ್ಲಿ ಯಾವುದನ್ನು ಅಚ್ಚುಹಾಕುತ್ತಾರೆ ಎನ್ನುವುದು. ಚರ್ಚಿಲ್ ಆಗ ಸೇನಾಧಿಕಾರಿಯಲ್ಲ, ಪ್ರಧಾನಿ. ಆದರೂ ಅವರ ಉದಾಹರಣೆ ಬೇಕೇ ಬೇಕು. 1941ರ ಡಿಸೆಂಬರ್ 30ರಂದು ಒಟ್ಟಾವಾದಲ್ಲಿ ಯೂಸುಫ್ ಕಾರ್ಶ್ ಎಂಬ ಛಾಯಾಗ್ರಾಹಕ ಅವರ ಬಾಯಿಂದ ಚುಟ್ಟಾವನ್ನು ಸಟ್ಟನೆ ಕಿತ್ತುಕೊಂಡು ಕ್ಲಿಕ್ ಮಾಡಿದ. ಆ ದುರುಗುಟ್ಟುವ ಮುಖ ಲೋಕಕ್ಕೆಲ್ಲ ಗೊತ್ತು. ಅದರ ಬೆನ್ನಿಗೇ ತೆಗೆದ ಇನ್ನೊಂದರಲ್ಲಿ ಚರ್ಚಿಲ್ ನಗುತ್ತಿದ್ದಾರೆ. ಅದನ್ನು ಎಷ್ಟು ಜನ ನೋಡಿದ್ದಾರೆ? ಯುದ್ಧದ ನಡುವೆ ಪತ್ರಿಕೆಗಳಿಗೆ ನಗುವ ಮುಖ ಬೇಕಿರಲಿಲ್ಲ.

ಮಗನ ಪ್ರಾಜೆಕ್ಟಿನಲ್ಲಿ ಜಾಗವಿದ್ದರೆ, ಮಹಾಯುದ್ಧದ್ದಲ್ಲದಿದ್ದರೂ, 1971ರ ಡಿಸೆಂಬರ್ 16ರ ಢಾಕಾ ಚಿತ್ರವನ್ನೂ ಅಂಟಿಸಿ. ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಯ ಪತ್ರಕ್ಕೆ ಸಹಿ ಹಾಕುತ್ತಿದ್ದಾರೆ, ಪಕ್ಕದಲ್ಲಿ ನಮ್ಮ ಜನರಲ್ ಜಗಜಿತ್ ಸಿಂಗ್ ಅರೋರಾ. ಇಬ್ಬರಿಗೂ ಅಂಚಿನ ಟೋಪಿಯಿಲ್ಲ. ಅರೋರಾ ಅವರದು ಪೇಟ, ನಿಯಾಜಿಯದು 'ಬೆರೆ' ಎಂಬ ಮೆತ್ತನೆಯ ಬಟ್ಟೆಯ ಟೋಪಿ. ಸುಮಾರು 93,000 ಜನ ಸೆರೆಯಾದ ಯುದ್ಧದ ಚಿತ್ರವದು. ನೋಡಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ ಕುಳಿತವರಂತಿದ್ದಾರೆ.

ಪ್ರಶ್ನೆ: ಬರ್ಮಾ ಯುದ್ಧಕ್ಕೆ ಹೋಗಿದ್ದ ನಮ್ಮ ಅಜ್ಜನ ಸಮವಸ್ತ್ರದ ಫೋಟೊಗೆ ಬೂಷ್ಟು ಹಿಡಿದಿದೆ. ಮುಖವೂ ಕಪ್ಪಾಗಿದೆ. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ಒದ್ದೆ ಬಟ್ಟೆ ಮುಟ್ಟಿಸಬೇಡಿ. ಚಿತ್ರ ಇರುವ ಪದರವೇ ನೀರಿಗೆ ಮೆತ್ತಗಾಗಿ ಕಿತ್ತುಬರುತ್ತದೆ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಬಿಡಿಯಾಗಿದ್ದರೆ ನೆರಳಿನಲ್ಲಿ ಒಣಗಿಸಿ, ಬೂಷ್ಟನ್ನು ಮೆತ್ತನೆಯ ಒಣ ಕುಂಚದಿಂದ ಹಗುರವಾಗಿ ಕೊಡವಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಫೋಟೊವನ್ನು ಹೊರಗೋಡೆಗೆ ತೂಗುಹಾಕಲೇಬೇಡಿ. ಮೊಬೈಲಿನಲ್ಲಿ ಮುಖ ಬೆಳ್ಳಗೆ ಮಾಡುವ ಆಟ ಬೇಡ; ಹಾಗೆ ಮಾಡಿಸಿಕೊಂಡು ಬಂದ ಒಬ್ಬರ ಅಜ್ಜ, ಸೀರಿಯಲ್ಲಿನ ಅಳಿಯನಂತೆ ಕಾಣುತ್ತಿದ್ದರು.